ಅರಿಶಿನದ ಕೈ

ಡೊಂಬಿವಲಿಯ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯಲ್ಲಿದ್ದ ಉಡುಪಿ ಕಡೆಯವರೊಬ್ಬರ ಕೈ ಸದಾ ಹಳದಿ. ಬೂಷ್ಟು ಹಿಡಿದ ಆಹಾರದ ವಿಷ ಕೋಳಿಗಳ ಲಿವರ್‌ಗೆ ತಟ್ಟದಿರಲೆಂದು ಅರಿಶಿನ ಬೆರೆಸಿದ ಪುಡಿ ಮಾರುವುದು ಅವರ ಉದ್ಯೋಗ. ಲೋಕಲ್ ರೈಲಿನಲ್ಲಿ ಆ ಕೈ ಕಂಡವರು, ಅರಿಶಿನ ಶಾಸ್ತ್ರ ಮುಗಿಸಿ ಬಂದಿರಬೇಕೆಂದುಕೊಂಡು, "ಯಾರ ಮದುವೆ?" ಎನ್ನುವರು.

"ಕೋಳಿದು ಮಾರಾಯ್ರೆ," ಎಂದು ಇವರು ನಗುವರು.

ತೊಂಬತ್ತರ ದಶಕದ ಒಂದು ಮಳೆಗಾಲ, ರಜೆಯಿತ್ತೆಂದು ನಾನೂ ಜೊತೆಗೆ ಹೋಗಿದ್ದೆ. ಕಲ್ಯಾಣದಾಚೆ ಕೋಳಿ ಫಾರ್ಮ್ ಇಟ್ಟಿದ್ದ ಬಿಜಾಪುರದವನೊಬ್ಬ ಗೋಣಿ ಬಿಚ್ಚಿ ತೋರಿಸಿದ. ಮೆಕ್ಕೆಜೋಳ ಹಸಿರುಗಟ್ಟಿ ಮುದ್ದೆಯಾಗಿತ್ತು. ಶೆಡ್ಡಿನಲ್ಲಿ ಅದನ್ನು ತಿಂದ ಕೋಳಿಗಳು ಆಗಲೇ ತೂಕಡಿಸುತ್ತಿದ್ದವು.

"ನಿಮ್ಮ ಪುಡಿ ಡಬಲ್ ಹಾಕಿದ್ರ ನಡೀತೈತಲ್ರೀ? ಎಲ್ಲಾ ಗೋಣಿಗೂ ಕೊಡ್ರಿ."

ಆ ತಿಂಗಳು ಅಷ್ಟು ದೊಡ್ಡ ಆರ್ಡರ್ ಬೇರೆ ಬಂದಿರಲಿಲ್ಲ. ಇವರು ಬಿಚ್ಚಿದ್ದ ಬ್ಯಾಗನ್ನು ಮತ್ತೆ ಮುಚ್ಚಿದರು.

"ನನ್ನ ಪುಡಿ ಛತ್ರಿ ಇದ್ದ ಹಾಗೆ. ಛತ್ರಿ ಉಂಟೂಂತ ಖಾಡಿಯ ನೀರಿಗೆ ಹಾರ್ತೀರಾ? ಮೊದಲು ಇದನ್ನು ಹೂತುಬಿಡಿ. ಒಣ ಜೋಳ ತರಿಸಿ, ಮತ್ತೆ ನನ್ನನ್ನು ಕರೀರಿ."

ವಾಪಸು ಬರುವಾಗ ಲೋಕಲ್‌ನಲ್ಲಿ ಎದುರು ಕೂತ ಮರಾಠಿ ಅಜ್ಜಿ ಆ ಕೈ ನೋಡಿ, ಯಾರ ಮದುವೆಯೆಂದು ಕೇಳಿದಳು.

"ಇವತ್ತಿನದು ನಿಲ್ಲಿಸಿ ಬಂದೆ, ಆಜಿ," ಎಂದರು ಇವರು, ಆರಾಮಾಗಿ ಕಾಲು ಚಾಚಿ. "ಊಟ ಹಳಸಿತ್ತು."