ಮನೆಗೂ ಅಲ್ಲ, ಮನೆಗೇ

ಕೋವಿಡ್ ಕಳೆದು ಶಾಲೆಗಳು ಪೂರ್ತಿ ತೆರೆದ ಮರುವರ್ಷ ನಾನು ಮಣಿಪಾಲದ ಒಂದು ಸಣ್ಣ ಅನುವಾದ ಕಚೇರಿಯಲ್ಲಿ ಹಿರಿಯ ಅನುವಾದಕಿಯಾಗಿದ್ದೆ. ಆಸ್ಪತ್ರೆಯ ಒಪ್ಪಿಗೆ ಪತ್ರ, ವಿಮೆಯ ಷರತ್ತು ಮುಂತಾದವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನಮ್ಮ ಕೆಲಸ. ಕಲ್ಯಾಣಪುರದ ನಮ್ಮ ಮನೆಯಲ್ಲಿ ಆಡುವುದು ಕೊಂಕಣಿ, ಹೊರಗೆ ತುಳು; ಅನ್ನ ಕೊಟ್ಟದ್ದು ಮಾತ್ರ ಕನ್ನಡ. ಜನರಿಗೆ ಅನ್ಯಾಯವಾಗುವುದು ಹೆಚ್ಚಾಗಿ ಅವರಿಗೆ ತಿಳಿಯದ ಭಾಷೆಯಿಂದಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಆ ವರ್ಷ ಕಾರ್ಕಳ ತಾಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯ ಅಭಿವೃದ್ಧಿ ಯೋಜನೆ ನಮ್ಮಲ್ಲಿಗೆ ಬಂತು. ಯಾವ ಕೋಣೆ ಯಾವ ತರಗತಿಗೆ, ಮುಂದೆ ಏನೇನು ಬದಲಾವಣೆ ಎಂದು ವಿವರಿಸುವ ಕಡತ. ಹೊರ ಊರಿನ ಸಲಹೆಗಾರರು ಬರೆದದ್ದು, ಅಷ್ಟೂ ಇಂಗ್ಲಿಷ್. ಅದಕ್ಕೆ ಪೋಷಕರ ಸಭೆಯ ಒಪ್ಪಿಗೆ ಬೇಕಿತ್ತು. ಪೋಷಕರಲ್ಲಿ ಹೆಚ್ಚಿನವರು ಗೇರುಬೀಜ ಕಾರ್ಖಾನೆಗೆ ಹೋಗುವ ಹೆಂಗಸರು. ಇಂಗ್ಲಿಷ್ ಅವರಿಗೆ ಬಾರದು.

ಕಡತದ ನಡುವೆ ಒಂದು ಸಾಲಿತ್ತು. ನೆಲಮಹಡಿಯ ಸಂಪನ್ಮೂಲ ಕೋಣೆಯನ್ನು ಹೊಸ ಇಂಗ್ಲಿಷ್ ಮಾಧ್ಯಮ ತರಗತಿಗೆ ಕೊಡುವುದು, ಅಲ್ಲಿನ ಮಕ್ಕಳನ್ನು ‘ಹೋಮ್ ಬೇಸ್ಡ್ ಎಜುಕೇಶನ್’ಗೆ ವರ್ಗಾಯಿಸುವುದು. ಸಂಪನ್ಮೂಲ ಕೋಣೆ ಎಂದರೆ ಅಂಗವೈಕಲ್ಯವುಳ್ಳ ಮಕ್ಕಳಿಗೆಂದು ಮಾಡಿದ ಕೋಣೆ. ಗಾಲಿಕುರ್ಚಿ ಹೋಗುವಂತೆ ಇಳಿಜಾರು ದಾರಿ, ಹಿಡಿದು ನಡೆಯಲು ಕಂಬಿ, ಒಬ್ಬ ವಿಶೇಷ ಶಿಕ್ಷಕಿ ಇರುವಂಥದ್ದು. ‘ಹೋಮ್ ಬೇಸ್ಡ್’ಗೆ ಇಲಾಖೆಯ ಕನ್ನಡದಲ್ಲಿ ‘ಗೃಹಾಧಾರಿತ ಶಿಕ್ಷಣ’ ಎನ್ನುತ್ತಾರೆ. ಕೇಳಲು ಚೆಂದವೇ. ಆದರೆ ಇದನ್ನು ಓದಿದ ತಾಯಿಗೆ ಏನು ತಿಳಿದೀತು? ನಾನು ಅದರ ಕೆಳಗೇ ಬರೆದೆ: ‘ಎಂದರೆ, ಮಗು ಇನ್ನು ಶಾಲೆಗೆ ಬರುವುದಿಲ್ಲ. ಶಿಕ್ಷಕರು ಆಗಾಗ ಮನೆಗೆ ಹೋಗಿ ಕಲಿಸುತ್ತಾರೆ.’

ಸಭೆಯಲ್ಲಿ ಯೋಜನೆಯನ್ನು ಓದಿ ವಿವರಿಸಲು ನನ್ನನ್ನೇ ಕರೆದಿದ್ದರು. ಹಂಚಿದ ಪ್ರತಿಯಲ್ಲಿ ನನ್ನ ಆ ಎರಡು ವಾಕ್ಯಗಳಿರಲಿಲ್ಲ. ಸಭೆ ನಡೆಸಲು ಬಂದಿದ್ದ ಅಧಿಕಾರಿಯನ್ನು ಕೇಳಿದೆ. ಘಟ್ಟದ ಮೇಲಿನವರು, ಸೌಜನ್ಯದ ಮನುಷ್ಯ.

“ಮೂಲದಲ್ಲಿ ಇಲ್ಲದ್ದು ಬೇಡ ಅಂತ ತೆಗೆಸಿದ್ವಿ ಮೇಡಂ. ಸುಮ್ನೆ ಜನ ಗಾಬರಿ ಆಗ್ತಾರೆ.”

ಮುಂದಿನ ಸಾಲಿನಲ್ಲಿ, ಸಭೆಗೆ ಮುಂಚೆ ತಾನಾಗಿ ಪರಿಚಯ ಮಾಡಿಕೊಂಡಿದ್ದ ಸುಜಾತಾ ಕುಳಿತಿದ್ದಳು, ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಮಗಳು ಶ್ರಾವ್ಯಾ. ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿಲ್ಲದ ಹುಡುಗಿ. ಆ ಕೋಣೆಯಲ್ಲಿ ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಡಲು ಕಲಿತಿದ್ದಳು. ಆ ಕೋಣೆಯ ಉಳಿದ ಇಬ್ಬರು ಮಕ್ಕಳ ಮನೆಯವರು ಬಂದಿರಲಿಲ್ಲ. ನಾನು ‘ಗೃಹಾಧಾರಿತ ಶಿಕ್ಷಣ’ದ ಸಾಲು ಓದಿದಾಗ ಸುಜಾತಾಳ ಮುಖ ಅರಳಿತು.

“ಟೀಚರ್ ಇನ್ನು ಮನೆಗೂ ಬರುತ್ತಾರಾ? ಒಳ್ಳೇದೇ ಆಯಿತು ಅಲ್ವಾ!”

“ಮನೆಗೂ ಅಲ್ಲ ಸುಜಾತಾ, ಮನೆಗೇ,” ಎಂದೆ. “ಮಗು ಶಾಲೆಗೆ ಬರುವುದು ನಿಲ್ಲುತ್ತದೆ.”

ಅಧಿಕಾರಿ ಕೆಮ್ಮಿದರು. “ಮೇಡಂ, ನಿಮ್ಮನ್ನ ಕರೆದದ್ದು ಅನುವಾದಕ್ಕೆ.”

“ಇದೇ ಅನುವಾದ ಸಾರ್,” ಎಂದು, ಅದನ್ನೇ ಎಲ್ಲರಿಗೂ ಕೇಳುವಂತೆ ತುಳುವಿನಲ್ಲಿ ಮತ್ತೊಮ್ಮೆ ಹೇಳಿದೆ.

ಸುಜಾತಾ ಎದ್ದು ನಿಂತಳು. “ನಾನು ಕಾರ್ಖಾನೆಗೆ ಹೋದರೆ ಇವಳನ್ನು ಯಾರು ನೋಡುವುದು? ಇವಳಿಗೆ ಇಲ್ಲಿ ಗೆಳತಿಯರು ಉಂಟು, ಮನೆಯಲ್ಲಿ ಎಂತ ಉಂಟು?”

ಸುತ್ತಲಿನ ಕೆಲವರು ಹೌದೆಂದು ತಲೆಯಾಡಿಸಿದರು. ಗೆದ್ದೆವು ಎಂದೇ ನನಗನ್ನಿಸಿತು. ಆಗ ಹಿಂದಿನ ಸಾಲಿನಿಂದ ಪ್ರೇಮಾ ಮಾತಾಡಿದಳು. ಕಾರ್ಖಾನೆಯಲ್ಲಿ ಸುಜಾತಾಳ ಪಕ್ಕದಲ್ಲೇ ಕುಳಿತು ಬೀಜ ಸುಲಿಯುವವಳು. ಎಷ್ಟೋ ಬೆಳಿಗ್ಗೆ ಶ್ರಾವ್ಯಾಳನ್ನು ರಿಕ್ಷಾದಿಂದ ಎತ್ತಿ ಇಳಿಸಿದವಳು.

“ನಿನ್ನ ಕಷ್ಟ ಗೊತ್ತಾಗ್ತದೆ ಮಾರಾಯ್ತಿ. ಆದರೆ ಇಂಗ್ಲಿಷ್ ಮೀಡಿಯಂ ಈ ಸಲ ತಪ್ಪಿದರೆ ಮತ್ತೆ ಸಿಗ್ತದಾ? ನನ್ನ ಮಗ ನನ್ನ ಹಾಗೆ ಆಗುವುದು ಬೇಡ.”

ಮಹಡಿಯ ಮೇಲೆ ಒಂದು ಕೋಣೆ ಖಾಲಿಯಿದೆ, ಇಂಗ್ಲಿಷ್ ತರಗತಿ ಅಲ್ಲಿ ನಡೆಯಬಹುದಲ್ಲ ಎಂದು ಕೇಳಿದೆ. ಅದರ ಮಾಡು ಸೋರುತ್ತದೆ, ರಿಪೇರಿ ಈ ಯೋಜನೆಯಲ್ಲಿಲ್ಲ ಎಂದರು ಅಧಿಕಾರಿ. ಒಪ್ಪುವವರು ಕೈ ಎತ್ತಿ ಎಂದರು. ಒಂದೊಂದಾಗಿ ಕೈಗಳು ಎದ್ದವು. ಪ್ರೇಮಾ ತಲೆ ತಗ್ಗಿಸಿಕೊಂಡೇ ಕೈ ಎತ್ತಿದಳು. ಶ್ರಾವ್ಯಾ ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ ಆ ಕೈಗಳನ್ನೆಲ್ಲ ನೋಡುತ್ತಿದ್ದಳು. ನಾನು ಬಿಡಿಸಿ ಹೇಳಿದ್ದು ಅವಳಿಗೂ ತಿಳಿದಿತ್ತು.

ಸುಜಾತಾ ಮಗಳ ವರ್ಗಾವಣೆಯ ಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ. “ಕೋಣೆ ಹೇಗೂ ಹೋಯ್ತಮ್ಮ. ಸಹಿ ಇಲ್ಲದಿದ್ರೆ ಮನೆಗೆ ಬರೋ ಟೀಚರೂ ಇರಲ್ಲ,” ಎಂದರು ಅಧಿಕಾರಿ. ಅವಳು ನನ್ನತ್ತ ನೋಡಿದಳು. ಅದನ್ನು ಅನುವಾದಿಸಬೇಕಾದ ಅಗತ್ಯವಿರಲಿಲ್ಲ. ಸಹಿ ಹಾಕಿದಳು.

ಮಗುವಿನ ಶಾಲೆಯ ಹಕ್ಕನ್ನು ಉಳಿದವರ ಬಹುಮತ ಕಿತ್ತುಕೊಳ್ಳಬಹುದೇ ಎಂದು ಕೇಳಿ ನಾನು ಮೇಲಿನ ಕಚೇರಿಗೆ ಕನ್ನಡದಲ್ಲಿ ಬರೆದೆ. ಉತ್ತರ ಇಂಗ್ಲಿಷಿನಲ್ಲಿ ಬಂತು, ಒಂದೇ ಪದ: ‘ನೋಟೆಡ್’. ಅನುವಾದ ಒಪ್ಪವಾಗಿದೆ ಎಂದು ನಮ್ಮ ಕಚೇರಿಗೆ ಮೆಚ್ಚುಗೆಯೂ ಬಂತು. ಮುಂದಿನ ಶಾಲೆಗಳ ಸಭೆಗೆ ಮಾತ್ರ ನನ್ನನ್ನು ಕರೆಯಲಿಲ್ಲ.

ಮರುವರ್ಷ ಕಾರ್ಕಳಕ್ಕೆ ಹೋದಾಗ ಸುಜಾತಾಳ ಮನೆ ಹುಡುಕಿಕೊಂಡು ಹೋದೆ. ಕಾರ್ಖಾನೆ ಬಿಟ್ಟು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ವಿಶೇಷ ಶಿಕ್ಷಕಿ ಮೊದಮೊದಲು ಬರುತ್ತಿದ್ದರಂತೆ. ಆಮೇಲೆ ಅವರಿಗೆ ಇನ್ನೂ ಮೂರು ಊರು ಸೇರಿಸಿದರಂತೆ. ಶ್ರಾವ್ಯಾ ಒಳಗೆ ಟಿವಿಯ ಮುಂದೆ ಕುಳಿತಿದ್ದಳು. ಹೆಜ್ಜೆ ಇಡುವುದು ನಿಂತುಹೋಗಿತ್ತು.

ಪ್ರೇಮಾ ಬರುತ್ತಾಳಾ ಎಂದು ಕೇಳಿದೆ. ಸುಜಾತಾ ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಬೇಜಾರು ಮಾಡಬೇಡಿ ಮೇಡಂ. ಅವತ್ತು ನೀವು ಹೇಳದೆ ಇದ್ದಿದ್ದರೆ, ಪಾಪ, ಇವರೆಲ್ಲ ಗೊತ್ತಿಲ್ಲದೆ ಕೈ ಎತ್ತಿದರು ಅಂತಾದರೂ ಅಂದುಕೊಳ್ಳುತ್ತಿದ್ದೆ. ಈಗ ಅದಕ್ಕೂ ದಾರಿ ಇಲ್ಲ.”

ಅರ್ಥವಾಗದೆ ಆಗುವ ಅನ್ಯಾಯವನ್ನು ಅನುವಾದ ತಡೆಯಬಹುದು. ಅರ್ಥವಾದ ಮೇಲೆ ಮಾಡುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಇಷ್ಟು ವರ್ಷ ದುಡಿದ ವೃತ್ತಿ ನನಗೆ ಕಲಿಸಿದ ಈ ಪಾಠ ನಾನು ಬೇಕೆಂದು ಕಲಿತದ್ದಲ್ಲ.