ಚಿಗರಿಯ ಪರವಾಗಿ ತಾಯಮ್ಮ

ತಾಳಗುಂದದಿಂದ ಎರಡು ಮೈಲಿ ಆಚೆ, ಮೆಕ್ಕೆಜೋಳದ ಹೊಲಗಳ ನಡುವೆ ಕುರಿ ಸಾಕುವವರ ಹನ್ನೆರಡು ಮನೆಗಳಿದ್ದವು. ಅದರಲ್ಲಿ ಕೊನೆಯದು ತಾಯಮ್ಮನದು. ಓದು ಬರಹ ಬಾರದ ಹೆಂಗಸು. ಆದರೆ ಎಂಬತ್ತು ಕುರಿಗಳಲ್ಲಿ ಒಂದು ಹಿಂದುಳಿದರೂ ಎಣಿಸದೆಯೇ ಅವಳಿಗೆ ಗೊತ್ತಾಗುತ್ತಿತ್ತು, ಹಿಂದುಳಿದದ್ದು ಯಾವುದು ಎಂಬುದೂ ಗೊತ್ತಾಗುತ್ತಿತ್ತು. ಗಂಡ ಉಜ್ಜಪ್ಪನಿಗೆ ಮಾತು ಕಡಿಮೆ, ಜಗಳವೆಂದರೆ ಹತ್ತು ಮಾರು ದೂರ. ತಾಯಮ್ಮ ಹಾಗಲ್ಲ. ಮದುವೆಯಾಗಿ ಬಂದ ವರ್ಷವೇ, ಕುರಿಗಳು ನೀರಿಗಿಳಿಯುವ ದಾರಿಗೆ ಬೇಲಿ ಹಾಕಿದ ಹೊಲದವನ ಎದುರು ಕೂತು, ಊರಿನ ನಕಾಶೆ ತರಿಸಿ ನೋಡುವವರೆಗೂ ಎದ್ದಿರಲಿಲ್ಲ.

ಅವಳ ಬಳಿ ಒಂದು ಹೆಣ್ಣು ನಾಯಿ ಇತ್ತು. ರಾಣೆಬೆನ್ನೂರಿನ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರು ಕೊಟ್ಟ ಮರಿ. ಉದ್ದ ಕಾಲು, ಸಣ್ಣ ಸೊಂಟ. ಜಿಂಕೆಯಂತೆ ಓಡುವುದನ್ನು ನೋಡಿ ಉಜ್ಜಪ್ಪನೇ ಚಿಗರಿ ಎಂದು ಹೆಸರಿಟ್ಟಿದ್ದ. ಆರು ವರ್ಷ ಅದು ಮಂದೆಯ ಹಿಂದೆ ನಡೆಯಿತು. ತಾಯಮ್ಮ ಒಮ್ಮೆ ಜ್ವರ ಬಂದು ಹೊಲದ ಬದುವಿನ ಮೇಲೆ ಬಿದ್ದಾಗ, ಮಂದೆಯನ್ನು ಒಂದೇ ಕಡೆ ಒತ್ತಿ ನಿಲ್ಲಿಸಿ ಸಂಜೆಯವರೆಗೆ ಅವಳ ಸುತ್ತಲೇ ಸುತ್ತಿತ್ತು. ಅದಾದ ಮೇಲೆ ಅವಳು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದಿಡದೆ ಉಂಡದ್ದಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಚಿಗರಿಗೆ ಕಜ್ಜಿ ಹತ್ತಿತು. ಬೆನ್ನಿನ ಕೂದಲು ಉದುರಿ ಚರ್ಮ ಕೆಂಪಾಯಿತು. ಬೇವಿನೆಣ್ಣೆ, ಅರಿಶಿನ ಯಾವುದಕ್ಕೂ ಜಗ್ಗಲಿಲ್ಲ. ಶಿಕಾರಿಪುರದಲ್ಲಿ ಸಿದ್ಧಲಿಂಗೇಶ್ ಎಂಬ ಪಶುವೈದ್ಯರು ಸ್ವಂತ ಕ್ಲಿನಿಕ್ ತೆರೆದು ಮೂರು ವರ್ಷವಾಗಿತ್ತು, ಹೆಸರೂ ಚೆನ್ನಾಗಿತ್ತು. ತಾಯಮ್ಮ ಚಿಗರಿಯ ಕೊರಳಿಗೆ ಹಗ್ಗ ಕಟ್ಟಿ, ಹಾಲಿನ ವ್ಯಾನಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದಳು.

ಡಾಕ್ಟರು ಇರಲಿಲ್ಲ. ಯಾವುದೋ ಕೋಳಿ ಫಾರಂಗೆ ಹೋಗಿದ್ದರು. ಚನ್ನೇಶ್ ಎಂಬ ಕಾಂಪೌಂಡರ್ ಇದ್ದ.

"ಡಾಕ್ಟ್ರು ಬರ್ಲಿ, ಕಾಯ್ತೀನಿ" ಎಂದಳು ತಾಯಮ್ಮ.

"ಅವ್ರು ಬರೋದು ಸಂಜೆ ಆಗುತ್ತೆ. ಕಜ್ಜಿಗೆ ನಾನೇ ಕೊಡ್ತೀನಿ, ದಿನಾ ಕೊಡೋದೇ" ಎಂದು ಅವನು ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದು ಏನೋ ಬರೆದ. ದೊಡ್ಡ ಸಿರಿಂಜಿಗೆ ಔಷಧಿ ಎಳೆದು ಚಿಗರಿಯ ಭುಜದ ಹಿಂದೆ ಚುಚ್ಚಿದ. ತಾಯಮ್ಮ ಫೀಸು ಕೊಟ್ಟಳು. ರಸೀತಿಯನ್ನೂ ಚೀಟಿಯನ್ನೂ ಕೇಳಿ ಪಡೆದು ಎಲೆಯಡಿಕೆ ಚೀಲದಲ್ಲಿ ಮಡಚಿಟ್ಟಳು.

ಮರುದಿನ ಬೆಳಿಗ್ಗೆ ಚಿಗರಿ ಎದ್ದು ನಿಂತು ಗೋಡೆಗೆ ಹೋಗಿ ಡಿಕ್ಕಿ ಹೊಡೆಯಿತು. ಕಣ್ಣು ತೆರೆದೇ ಇತ್ತು, ಏನೂ ಕಾಣುತ್ತಿರಲಿಲ್ಲ. ಕಾಲುಗಳು ನಡುಗುತ್ತಿದ್ದವು, ಜೊಲ್ಲು ಸುರಿಯುತ್ತಿತ್ತು. ಉಜ್ಜಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಇಬ್ಬರೂ ಮತ್ತೆ ಶಿಕಾರಿಪುರಕ್ಕೆ ಹೋದರು. ಈ ಸಲ ಡಾಕ್ಟರು ಇದ್ದರು. ಬಾಗಿಲಲ್ಲೇ ನಿಂತು ನೋಡಿದರು.

"ಬಿಸಿಲಿಗೆ ಹೀಗಾಗಿರುತ್ತೆ. ಇಲ್ಲಾ ಹೊಲದಲ್ಲಿ ಇಲಿ ಪಾಷಾಣ ತಿಂದಿರುತ್ತೆ. ನೀರು ಹಾಕಿ ನೆರಳಲ್ಲಿ ಮಲಗಿಸಿ."

"ನಿನ್ನೆ ಸೂಜಿ ಹಾಕಿದ ಮೇಲೆ ಹಿಂಗಾಗೈತೆ ಡಾಕ್ಟ್ರೆ. ಮುಟ್ಟಿ ನೋಡ್ರಿ."

ಸೂಜಿ ಎಂದೊಡನೆ ಅವರ ಮುಖ ಬದಲಾಯಿತು. ಒಳಗೆ ಹೋಗಿ ಚನ್ನೇಶನ ಹತ್ತಿರ ಏನೋ ಪಿಸುಗುಟ್ಟಿ ಬಂದರು. "ಆ ಚೀಟಿ ಇದೆಯೇನಮ್ಮ? ಕೊಡು ನೋಡೋಣ."

ತಾಯಮ್ಮ ಚೀಲಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ನಿನ್ನೆ ಏನು ಚುಚ್ಚಿದಿರಿ ಎಂದು ಚನ್ನೇಶನನ್ನೇ ಕೇಳಬಹುದಿತ್ತು, ಅವನು ಅಲ್ಲೇ ಇದ್ದ. ನಾಯಿಯನ್ನು ಮುಟ್ಟದವರಿಗೆ ಚೀಟಿ ಯಾಕೆ ಬೇಕು?

"ಕೊಡ್ತೀನಿ, ಒಂದು ಗಳಿಗೆ ಇರ್ರಿ" ಎಂದವಳೇ ಗಂಡನನ್ನೂ ನಾಯಿಯನ್ನೂ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದಳು. ಎರಡು ಪ್ರತಿ ಮಾಡಿಸಿ, ತಾರೀಖು ಬಿದ್ದ ಬಿಲ್ಲು ತೆಗೆದುಕೊಂಡು, ಚೀಟಿಯಲ್ಲಿ ಏನಿದೆ ಎಂದು ಅಂಗಡಿಯವನಿಂದ ಓದಿಸಿದಳು. ಔಷಧಿಯ ಹೆಸರು ಇಂಗ್ಲಿಷಿನಲ್ಲಿತ್ತು. ಅದರ ಮುಂದೆ ನಾಲ್ಕು ಎಂ.ಎಲ್. ಎಂದಿತ್ತು, ಕೆಳಗೆ ಡಾಕ್ಟರ ಸಹಿ.

ವಾಪಸು ಬಂದು ಒಂದು ಜೆರಾಕ್ಸ್ ಪ್ರತಿಯನ್ನು ಅವರ ಕೈಗೆ ಕೊಟ್ಟಳು. "ಅಸಲು ನನ್ನ ಹತ್ರ ಇರ್ಲಿ. ಈಗ ನಾಯಿ ನೋಡ್ರಿ."

ಅವರು ನೋಡಲಿಲ್ಲ. ಬೇರೆ ಕಡೆ ತೋರಿಸಿಕೊಳ್ಳಿ ಎಂದು ಬಾಗಿಲು ಎಳೆದುಕೊಂಡರು. ಬೇರೆ ಕಡೆ ಹೋಗುವಷ್ಟು ಹೊತ್ತು ಚಿಗರಿಗೆ ಇರಲಿಲ್ಲ. ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ, ತಾಯಮ್ಮನ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು.

ಉಜ್ಜಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡು, "ನಡಿ, ಊರಿಗೆ ಹೋಗಿ ಮಣ್ಣು ಮಾಡಾಣ" ಎಂದ.

"ಈಗ್ಲೇ ಮಣ್ಣು ಮಾಡಿದ್ರೆ ಪಾಷಾಣ ತಿಂದು ಸತ್ತದ್ದು ಅಂತಾನೇ ಉಳಿತೈತೆ" ಎಂದಳು ತಾಯಮ್ಮ. "ಹೊಟ್ಟೆ ಕೊಯ್ದು ನೋಡ್ಲಿ ಯಾರಾದ್ರೂ."

ಶಿಕಾರಿಪುರದಲ್ಲಿ ಇನ್ನಿಬ್ಬರು ಪಶುವೈದ್ಯರನ್ನು ಕೇಳಿದರು. ಪರಿಚಯದವರ ವಿಷಯ, ನಮಗೆ ಬೇಡ ಎಂದುಬಿಟ್ಟರು. ಆಗ ತಾಯಮ್ಮನಿಗೆ ನೆನಪಾದದ್ದು ಸೊರಬದ ಶೇಷಪ್ಪ ಡಾಕ್ಟರು. ಹಿಂದೆ ಕುರಿಗಳಿಗೆ ಲಸಿಕೆ ಹಾಕಲು ಹಟ್ಟಿ ಹಟ್ಟಿ ತಿರುಗಿದವರು, ಈಗ ನಿವೃತ್ತಿಗೆ ಹತ್ತಿರವಿದ್ದವರು. ಸೊರಬದ ಕಡೆ ಸಿಮೆಂಟ್ ಒಯ್ಯುತ್ತಿದ್ದ ಟೆಂಪೋದ ಡ್ರೈವರನಿಗೆ ಕೈ ಮುಗಿದು, ಚೀಲಗಳ ಮಧ್ಯೆ ಚಿಗರಿಯನ್ನು ಮಲಗಿಸಿಕೊಂಡು, ಶಿರಾಳಕೊಪ್ಪ ದಾಟಿ ಮಧ್ಯಾಹ್ನ ಮೂರಕ್ಕೆ ಸೊರಬ ಮುಟ್ಟಿದರು.

ಶೇಷಪ್ಪ ಎಲ್ಲವನ್ನೂ ಕೇಳಿದರು. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೋಡು ಮಾರಾಯ್ತಿ, ತಪ್ಪು ಯಾರದ್ದು ಅಂತ ನಾನು ಬರೆಯೂದಿಲ್ಲ. ನನ್ನ ಕಣ್ಣಿಗೆ ಏನು ಕಾಣ್ತದೋ ಅಷ್ಟು ಬರೀತೆ. ಆಗಬಹುದಾ?"

"ಅಷ್ಟೇ ಸಾಕು ಡಾಕ್ಟ್ರೆ."

ಮೊದಲು ಅವರು ಚಿಗರಿಯನ್ನು ತಕ್ಕಡಿಯಲ್ಲಿ ತೂಗಿದರು. ಹತ್ತೊಂಬತ್ತು ಕಿಲೋ. ಆಮೇಲೆ ಕೊಯ್ದು ನೋಡಿದರು. ಹೊಟ್ಟೆಯಲ್ಲಿ ಪಾಷಾಣದ ಗುರುತಿಲ್ಲ, ಹಾವು ಕಡಿದ ಗಾಯವಿಲ್ಲ, ಒಳಗೆಲ್ಲೂ ರಕ್ತ ಒಡೆದಿಲ್ಲ. ಕೈ ತೊಳೆದು ಬಂದು ತಾಯಮ್ಮನಿಗೆ ತಿಳಿಯುವಂತೆ ಹೇಳಿದರು: "ಇದು ದನಕ್ಕೆ, ಕುರಿಗೆ ಕೊಡುವ ಔಷಧಿ. ನಾಯಿಗೂ ಕೆಲವರು ಕೊಡ್ತಾರೆ, ತೂಕ ನೋಡಿ, ಹನಿ ಲೆಕ್ಕದಲ್ಲಿ. ನಾಲ್ಕು ಎಂ.ಎಲ್. ಅಂದ್ರೆ ಇನ್ನೂರು ಕಿಲೋದ ದನಕ್ಕೆ ಕೊಡೂದು. ಹತ್ತು ಪಟ್ಟು ಹೆಚ್ಚಾಯ್ತು. ನಿನ್ನ ನಾಯಿಗೆ ಕಣ್ಣು ಹೋದದ್ದು, ನಡುಕ ಬಂದದ್ದು ಎಲ್ಲಾ ಅದಕ್ಕೆ ಹೊಂದ್ತದೆ."

ಇಷ್ಟನ್ನೂ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಚಿಗರಿಯನ್ನು ಊರಿಗೆ ತಂದು ಹೊಲದ ಬದುವಿನಲ್ಲಿ ಹೂಳಿದರು.

ಮುಂದಿನ ಸೋಮವಾರ ತಾಯಮ್ಮ ಶಿಕಾರಿಪುರದ ತಾಲ್ಲೂಕು ಕಚೇರಿ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂರುವ ನಾಗರಾಜಪ್ಪನ ಬಳಿ ಹೋದಳು. ಪಹಣಿ, ವಾರಸಾ, ಪಿಂಚಣಿ ಎಂದು ಮೂವತ್ತು ವರ್ಷ ಅರ್ಜಿ ಬರೆದ ಮನುಷ್ಯ. ನಾಯಿ ಎಂದು ಕೇಳಿ ಬೆರಳು ನಿಲ್ಲಿಸಿದ.

"ನಾಯಿ ಸತ್ತದ್ದಕ್ಕೆ ಅರ್ಜಿ ಯಾರೂ ಬರೆಸಿಲ್ಲ ನನ್ನ ಹತ್ರ."

"ಯಾರೂ ಬರೆಸಿಲ್ಲ ಅಂತ ಬರೆಯಾಕೆ ಬರಲ್ಲೇನು?"

ನಾಗರಾಜಪ್ಪ ನಕ್ಕ. ಆದರೆ ಕಾಗದಗಳನ್ನು ಒಂದೊಂದಾಗಿ ನೋಡುತ್ತಾ ಹೋದಂತೆ ಅವನ ನಗು ನಿಂತಿತು. ರಸೀತಿ ಇದೆ, ಚೀಟಿ ಇದೆ, ಜೆರಾಕ್ಸ್ ಅಂಗಡಿಯ ಬಿಲ್ಲಿದೆ, ಶವಪರೀಕ್ಷೆಯ ವರದಿ ಇದೆ. ಕೋರ್ಟು ಕಚೇರಿ ಅಲೆಯುವ ವಕೀಲರಲ್ಲೂ ಇಷ್ಟು ಅಚ್ಚುಕಟ್ಟಾಗಿ ತರುವವರನ್ನು ಅವನು ಕಂಡಿರಲಿಲ್ಲ.

"ಶಿವಮೊಗ್ಗದಲ್ಲಿ ಗ್ರಾಹಕರ ವೇದಿಕೆ ಅಂತ ಐತೆ ತಾಯಮ್ಮ. ಫೀಸು ಕೊಟ್ಟು ಕೆಲಸ ಮಾಡಿಸ್ಕೊಂಡು, ಆ ಕೆಲಸ ಕೆಟ್ರೆ ಅಲ್ಲಿ ಕೇಳಬಹುದು. ವಕೀಲ್ರು ಬೇಕಂತಿಲ್ಲ, ಸ್ಟಾಂಪು ಬೇಡ. ಡಾಕ್ಟ್ರುಗಳೂ ಅದ್ರೊಳಗೆ ಬರ್ತಾರೆ ಅಂತ ಹೋದ ವರ್ಷ ಸುಪ್ರೀಂ ಕೋರ್ಟೇ ಹೇಳೈತೆ. ಮನುಷ್ಯರ ಡಾಕ್ಟ್ರು ಬಂದ ಮೇಲೆ ದನದ ಡಾಕ್ಟ್ರು ಯಾಕೆ ಬರಬಾರ್ದು? ಕೇಳಿ ನೋಡಾಣ. ಪರಿಹಾರ ಎಷ್ಟು ಅಂತ ಬರೀಲಿ?"

"ಅದು ನೀವೇ ಏನಾದ್ರೂ ಬರೀರಿ. ಮೇಲೆ ಮಾತ್ರ ನಾನು ಹೇಳಿದ್ದು ಬರೀರಿ. ಡಾಕ್ಟ್ರು ಇಲ್ದಾಗ ಸೂಜಿ ಹಾಕಿದ್ರು. ಹಾಕಿದ್ದು ಹೆಚ್ಚಾಯ್ತು. ಮತ್ತೆ ಹೋದ್ರೆ ಮುಟ್ಟಿ ನೋಡ್ಲಿಲ್ಲ. ಈ ಮೂರು."

ಟೈಪಾದ ಹಾಳೆಯ ಕೆಳಗೆ ಅವಳು ಹೆಬ್ಬೆಟ್ಟು ಒತ್ತಿದಳು.

ಡಾಕ್ಟರಿಗೆ ನೋಟಿಸು ತಲುಪಿದ ಮೇಲೆ ತಾಯಮ್ಮನ ಮನೆಗೆ ಜನ ಬರತೊಡಗಿದರು. ಕುರಿ ಸಾಕುವವರ ಸಂಘದ ಅಧ್ಯಕ್ಷರು ಬಂದರು, ಸಂಬಂಧಿಕರು ಬಂದರು. ನಾಳೆ ಕುರಿಗೆ ಕಾಯಿಲೆ ಬಂದರೆ ಯಾರ ಬಾಗಿಲಿಗೆ ಹೋಗ್ತೀಯ ಎಂದರು. ಕೊನೆಗೆ ಡಾಕ್ಟರೇ ಯಾರ ಕೈಯಲ್ಲೋ ಜಾತಿನಾಯಿಯ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು ಕಳಿಸಿದರು. ಮರಿ ಮುದ್ದಾಗಿತ್ತು. ಉಜ್ಜಪ್ಪ ಎತ್ತಿಕೊಂಡ, ಬಿಡಲು ಮನಸ್ಸಾಗಲಿಲ್ಲ. ತಾಯಮ್ಮ ಅದಕ್ಕೆ ಒಂದು ಬಟ್ಟಲು ಹಾಲು ಕುಡಿಸಿ, ಅದೇ ಬುಟ್ಟಿಯಲ್ಲಿ ಹಿಂದಕ್ಕೆ ಕಳಿಸಿದಳು.

"ತಪ್ಪಾಯ್ತು ಅಂತ ಬರೆದು ಕಳಿಸಿದ್ರೆ ಇವತ್ತೇ ಅರ್ಜಿ ವಾಪಸ್ ತಗೊಂತಿದ್ದೆ" ಎಂದಳು ಗಂಡನಿಗೆ. "ನಾಯಿ ಬದ್ಲು ನಾಯಿ ಕೊಟ್ರೆ ಮುಗೀತೇನು?"

ಡಾಕ್ಟರ ಲಿಖಿತ ಉತ್ತರ ಬಂದಾಗ ನಾಗರಾಜಪ್ಪ ಓದಿ ಹೇಳಿದ. ಅಂದು ನಾನೇ ಇದ್ದೆ, ನಾನೇ ಪರೀಕ್ಷಿಸಿ ಕೊಟ್ಟೆ, ಕೊಟ್ಟದ್ದು .4 ಎಂ.ಎಲ್., ಚೀಟಿಯಲ್ಲಿ ನಾಲ್ಕರ ಹಿಂದಿದ್ದ ಚುಕ್ಕೆ ಚೀಲದಲ್ಲಿ ತಿಕ್ಕಿ ಅಳಿಸಿಹೋಗಿರಬೇಕು ಎಂದಿತ್ತು. ತಾಯಮ್ಮ ಸುಳ್ಳು ಎಂದು ಕೂಗಲಿಲ್ಲ. "ಚನ್ನೇಶ ಎಲ್ಲವ್ನೆ?" ಎಂದು ಮಾತ್ರ ಕೇಳಿದಳು.

ಚನ್ನೇಶನನ್ನು ನೋಟಿಸು ಬಂದ ವಾರವೇ ಕೆಲಸದಿಂದ ತೆಗೆದಿದ್ದರು. ಶಿರಾಳಕೊಪ್ಪದ ಗೊಬ್ಬರದ ಅಂಗಡಿಯಲ್ಲಿ ಮೂಟೆ ಎಣಿಸುತ್ತಿದ್ದ. ತಾಯಮ್ಮನನ್ನು ಕಂಡವನೇ ಒಳಗೆ ಸರಿದ. ಅವಳು ಹೊರಗೆ ಮೆಟ್ಟಿಲ ಮೇಲೆ ಕೂತಳು. ಮಧ್ಯಾಹ್ನ ಊಟಕ್ಕೆ ಅವನು ಹೊರಗೆ ಬರಲೇಬೇಕಾಯಿತು.

"ನನ್ನ ಮೇಲೆ ಕೇಸು ಹಾಕಬ್ಯಾಡ ಅಮ್ಮ. ಮನೇಲಿ ತಾಯಿ ಒಬ್ಬಳೇ ಅದಾಳೆ."

"ನಿನ್ನ ಹೆಸರು ನಾನು ಬರೆಸೇ ಇಲ್ಲ ಕಣಪ್ಪ. ಕಲಿಸದೇ ಸೂಜಿ ಕೊಟ್ಟವ್ರ ಹೆಸರು ಬರೆಸೀನಿ. ಅವತ್ತು ಡಾಕ್ಟ್ರು ಇದ್ರೋ ಇಲ್ವೋ? ಅದನ್ನೊಂದು ಬಂದು ಹೇಳು. ನನ್ನ ಪರವಾಗೂ ಹೇಳಬ್ಯಾಡ, ಅವ್ರ ಪರವಾಗೂ ಹೇಳಬ್ಯಾಡ."

ತಾಯಮ್ಮ ತಾರೀಖು ಹೇಳಿ ಎದ್ದು ಬಂದಳು.

ವಾಯಿದೆ ಮೇಲೆ ವಾಯಿದೆ ಬಿದ್ದು ವರ್ಷ ಕಳೆಯಿತು. ಐದು ಸಲ ಅವಳು ಶಿವಮೊಗ್ಗಕ್ಕೆ ಹೋಗಿ ಬಂದಳು. ಪ್ರತಿ ಸಲವೂ ಚನ್ನೇಶನಿಗೆ ತಾರೀಖು ಹೇಳಿ ಕಳಿಸಿದಳು, ಅವನು ಬರಲಿಲ್ಲ. ಆರನೆಯ ಸಲ ಡಾಕ್ಟರ ವಕೀಲರು ಎದ್ದು ನಿಂತು ವಾದ ಶುರು ಮಾಡಿದರು. ನಾಯಿಗೆ ಲೈಸೆನ್ಸ್ ಇಲ್ಲ, ಅದಕ್ಕೆ ಬೆಲೆಯಿಲ್ಲ, ಅಲ್ಲದೆ ಕುರಿ ಕಾಯುವ ನಾಯಿಯಾದ್ದರಿಂದ ಇದು ವ್ಯಾಪಾರದ ವಿಷಯ, ಈಕೆ ಗ್ರಾಹಕಳೇ ಅಲ್ಲ ಎಂದರು.

ವೇದಿಕೆಯಲ್ಲಿ ಅಧ್ಯಕ್ಷರ ಪಕ್ಕ ಒಬ್ಬ ಹೆಣ್ಣುಮಗಳು ಸದಸ್ಯೆಯಾಗಿದ್ದರು. "ನೀವೇನು ಹೇಳ್ತೀರಮ್ಮ?" ಎಂದು ತಾಯಮ್ಮನನ್ನು ಕೇಳಿದರು.

ತಾಯಮ್ಮ ಸೆರಗು ಸರಿಪಡಿಸಿಕೊಂಡು ಎದ್ದಳು. "ಕುರಿ ನಮ್ಮ ಹೊಟ್ಟೆಪಾಡ್ರಿ, ಅಂಗಡಿ ಅಲ್ಲ. ನಾಯಿಗೆ ಬೆಲೆ ಇಲ್ಲ ಅಂತಾರೆ. ನಾನು ಮಾರಾಕೆ ಇಟ್ಟಿರಲಿಲ್ಲ, ಹಂಗಾಗಿ ಬೆಲೆ ನನಗೂ ಗೊತ್ತಿಲ್ಲ. ಆದ್ರೆ ಫೀಸು ತಗೊಳ್ಳೋವಾಗ ಅವ್ರು ಇದಕ್ಕೆ ಬೆಲೆ ಇಲ್ಲ ಅನ್ನಲಿಲ್ಲ. ಚೀಟಿ ಚೀಲದಾಗೆ ತಿಕ್ಕಿತು ಅಂತಾರೆ. ಸೂಜಿ ಹಾಕಿದ ಮಾರನೇ ದಿನವೇ ಜೆರಾಕ್ಸ್ ಮಾಡಿಸೀನಿ. ಒಂದು ಅವ್ರ ಕೈಯಾಗೇ ಕೊಟ್ಟೀನಿ. ಅವತ್ತು ಚುಕ್ಕೆ ಇತ್ತು ಅಂತ ಅವ್ರು ಯಾಕೆ ಹೇಳ್ಲಿಲ್ಲ?"

ಅಧ್ಯಕ್ಷರು ಅಸಲು ಚೀಟಿಯನ್ನೂ ಜೆರಾಕ್ಸನ್ನೂ ಪಕ್ಕದಲ್ಲಿಟ್ಟು ನೋಡುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಚನ್ನೇಶ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಡಾಕ್ಟರ ವಕೀಲರು ಆಕ್ಷೇಪಿಸಿದರು. ಅಧ್ಯಕ್ಷರು ಅವನನ್ನು ಮುಂದೆ ಕರೆದು ಪ್ರಮಾಣ ಮಾಡಿಸಿದರು.

"ಅವತ್ತು ಡಾಕ್ಟ್ರು ಇರಲಿಲ್ಲ ಸಾರ್. ಸಹಿ ಹಾಕಿದ ಖಾಲಿ ಚೀಟಿ ಖಾನೇಲಿ ಇಟ್ಟು ಹೋಗ್ತಿದ್ರು. ನಾನು ತುಂಬ್ತಿದ್ದೆ. ದನಗಳಿಗೆ ನಾಲ್ಕು ಹಾಕೋದು ಗೊತ್ತಿತ್ತು, ನಾಯಿಗೆ ಎಷ್ಟು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕೇ ಹಾಕ್ದೆ."

ಡಾಕ್ಟರು ನೆಲ ನೋಡುತ್ತಾ ಕೂತಿದ್ದರು. ತಾಯಮ್ಮ ಅವರ ಕಡೆ ತಿರುಗಲಿಲ್ಲ. ಚನ್ನೇಶ ಇಳಿದು ಬರುವಾಗ ಬೆಂಚಿನಲ್ಲಿ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.

ತೊಂಬತ್ತೆಂಟರ ಫೆಬ್ರವರಿಯಲ್ಲಿ ಆದೇಶ ಬಂತು. ತಾಯಮ್ಮ ಗ್ರಾಹಕಳೇ ಹೌದು. ತರಬೇತಿಯಿಲ್ಲದವನ ಕೈಯಲ್ಲಿ ಚಿಕಿತ್ಸೆ ಕೊಡಿಸಿದ್ದು, ಖಾಲಿ ಚೀಟಿಗೆ ಸಹಿ ಹಾಕಿದ್ದು ಸೇವೆಯಲ್ಲಿನ ಲೋಪ. ಪರಿಹಾರ ಕೊಡತಕ್ಕದ್ದು ಎಂದಿತ್ತು. ಮರುದಿನ ನಾಯಿಯನ್ನು ನೋಡದೆ ಕಳಿಸಿದರೆಂಬ ಮಾತಿಗೆ ಮಾತ್ರ ಸಾಕ್ಷ್ಯ ಸಾಲದು ಎಂದು ಬರೆದಿದ್ದರು. ಅದೊಂದು ತಾಯಮ್ಮನಿಗೆ ಸರಿಬರಲಿಲ್ಲ. "ನಮ್ಮ ಮನೆಯವ್ರು ಅಲ್ಲೇ ನಿಂತಿದ್ರಲ್ಲ" ಎಂದು ಎರಡು ದಿನ ಹೇಳಿಕೊಂಡಳು. ಉಜ್ಜಪ್ಪ, "ನನ್ನನ್ನು ಯಾರೂ ಕೇಳಲೇ ಇಲ್ಲ. ಕೇಳದಿದ್ರೂ ಎದ್ದು ಹೇಳಬೇಕಿತ್ತು ನಾನು" ಎಂದ. ಅಷ್ಟು ಉದ್ದದ ಮಾತನ್ನು ಅವನು ಆಡಿದ್ದು ಅಪರೂಪ.

ಪರಿಹಾರ ಕೊಡಲು ಡಾಕ್ಟರು ತಾವೇ ಬಂದರು. ಜೊತೆಗೆ ಯಾರೂ ಇರಲಿಲ್ಲ. ಲಕೋಟೆ ಕೊಟ್ಟು, ಹಾಸಿದ ಕಂಬಳಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆಯನ್ನು ಕುಡಿದು ಮುಗಿಸಿದರು.

"ಅವತ್ತು ನಾನು ಮುಟ್ಟಿ ನೋಡಬೇಕಿತ್ತು" ಎಂದರು ಕೊನೆಗೆ. "ಉಳೀತಿರಲಿಲ್ಲವೇನೋ. ಆದ್ರೂ ನೋಡಬೇಕಿತ್ತು."

ಆದೇಶದಲ್ಲಿ ಸಿಗದ ಮಾತು ಅದು. ಎರಡು ವರ್ಷದಲ್ಲಿ ಮೊದಲ ಸಲ ತಾಯಮ್ಮನ ಕಣ್ಣು ತುಂಬಿತು. ಅದನ್ನು ಅವರಿಂದ ಮರೆಮಾಡಲಿಲ್ಲ.

"ಈಗ ನಿಮ್ಮೂರಿನ ಕಡೆಯವ್ರು ಯಾರೂ ನನ್ನ ಹತ್ರ ಬರ್ತಿಲ್ಲ ತಾಯಮ್ಮ."

"ಬರ್ತಾರೆ ಡಾಕ್ಟ್ರೆ. ನೀವು ಇರೋ ಹೊತ್ತು ಯಾವುದು ಅಂತ ಬಾಗಿಲ ಮೇಲೆ ಬರೆಸ್ರಿ. ಇಲ್ಲದಾಗ ಬೀಗ ಹಾಕ್ರಿ. ನಾನೇ ಹೇಳಿ ಕಳಿಸ್ತೀನಿ."

ಮುಂದಿನ ತಿಂಗಳು ಕ್ಲಿನಿಕ್ಕಿನ ಬಾಗಿಲಿಗೆ ಡಾಕ್ಟರು ಇರುವ ಹೊತ್ತು ಬರೆದ ಬೋರ್ಡು ಬಂತು. ಆ ಸುದ್ದಿ ತಿಳಿದ ದಿನವೇ ತಾಯಮ್ಮ, ಕಾಲು ಕುಂಟುತ್ತಿದ್ದ ಎರಡು ಕುರಿಗಳನ್ನು ಹಾಲಿನ ವ್ಯಾನಿಗೆ ಹತ್ತಿಸಿದಳು.