ಲಂಡನ್ನಿನ ಬಳೆ, ಹುನಗುಂದದ ಬಾವಿ

ನೆಲದಡಿಯ ರೈಲಿನಲ್ಲಿ ನೋಡಬೇಕಾದ್ದು ಗಾಡಿಯನ್ನಲ್ಲ, ಗೋಡೆಯನ್ನು. ಇದನ್ನು ನನಗೆ ಹೇಳಿದವನು ಇಳಕಲ್ಲಿನ ಒಬ್ಬ ಗೌಂಡಿ, ಕಲ್ಲು ಕಟ್ಟುವ ಕೆಲಸದವನು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಹೇಳಿದ್ದು ಐವತ್ತರ ದಶಕದಲ್ಲಿ, ಹುನಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ, ಅರ್ಧ ತೋಡಿದ ಬಾವಿಯ ದಂಡೆಯ ಮೇಲೆ ಕೂತು. ಅಂದು ನಾನು ನಕ್ಕೆ. ಸುತ್ತ ಕೂತವರನ್ನೂ ನಗಿಸಿದೆ.

ಮೊನ್ನೆ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿದ್ದೆ. ಅಲ್ಲಿಯ ನೆಲದಡಿಯ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ಸುರಂಗದ ಬಾಯೊಳಗೆ ಇಣುಕಿದೆ. ಸುರಂಗದ ಗೋಡೆಯೇ ಬಳೆಗಳದು, ಬಳೆಯ ಬೆನ್ನಿಗೆ ಬಳೆ, ದೀಪ ಕಾಣುವಷ್ಟು ದೂರ. ಒಂದೊಂದು ಬಳೆಯೂ ನಾಲ್ಕಾರು ದೊಡ್ಡ ತುಂಡುಗಳದು, ನಡುವೆ ಬೆಣೆಯಂಥ ಒಂದು ಸಣ್ಣ ತುಂಡು. ಕಾವಲಿನವನು ಹಿಂದೆ ಸರಿಯಿರಿ ಅಂದ. ಸರಿಯುವಷ್ಟರಲ್ಲಿ ಮುಖಕ್ಕೆ ಗಾಳಿ ಬಡಿಯಿತು. ಗಾಡಿ ಇನ್ನೂ ಕಂಡಿರಲಿಲ್ಲ. ಗಾಡಿಗಿಂತ ಮೊದಲು ಗಾಳಿ ಬರುತ್ತದೆಂದೂ ಆ ಗೌಂಡಿ ಹೇಳಿದ್ದ.

ನಾನು ಬಾದಾಮಿಯವನು. ನಮ್ಮದು ಓದಿನ ಮನೆತನ, ತಂದೆ ಪಾಠ ಹೇಳುತ್ತಿದ್ದರು. ಮ್ಯಾಟ್ರಿಕ್ ಮುಗಿಸಿ, ಮುಂದೆ ಓದಲಾಗದೆ, ಬಾವಿ ಕಟ್ಟಿಸುವ ಒಬ್ಬ ಗುತ್ತಿಗೆದಾರರ ಹತ್ತಿರ ಮುಕಾದಮನಾದೆ. ಆಳುಗಳನ್ನು ನಿಲ್ಲಿಸಿ ಕೆಲಸ ತೆಗೆಯುವುದು, ಬರೆಯುವುದಿದ್ದರೆ ಬರೆಯುವುದು ನನ್ನ ಪಾಲಿಗೆ. ಮಣ್ಣಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ.

ಆ ಗೌಂಡಿ ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವನು. ಹರೆಯದಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಕಲ್ಲಿದ್ದಲು ಹಾಕುವ ಕೆಲಸ ಹಿಡಿದು, ಲಂಡನ್ನಿನಲ್ಲಿ ಹಡಗು ಬಿಟ್ಟು, ನೆಲದಡಿ ರೈಲಿನ ಸುರಂಗ ತೋಡುವ ಗುಂಪು ಸೇರಿದ್ದನಂತೆ. ಯುದ್ಧ ಮುಗಿದ ಮೇಲೆ ಇಳಕಲ್ಲಿಗೆ, ಸೀರೆ ನೇಯುವ ಹೆಂಡತಿಯ ಮನೆಗೆ ಮರಳಿದ್ದ. ಅವನಾಗಿ ಬಡಾಯಿ ಕೊಚ್ಚಿದ್ದನ್ನು ನಾನು ಕೇಳಲಿಲ್ಲ. ಆಳುಗಳು ಕೇಳಿದರೆ ಮಾತ್ರ ಹೇಳುತ್ತಿದ್ದ. ನನಗೆ ಉರಿಯಲು ಅಷ್ಟೇ ಸಾಕಾಗಿತ್ತು. ಭೂಪಟದಲ್ಲಿ ಲಂಡನ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲವನು ನಾನು. ಅದರ ಹೊಟ್ಟೆಯೊಳಗೆ ನಡೆದು ಬಂದವನು ಹೆಬ್ಬೆಟ್ಟಿನವನು. ಅವನಿಗೆ ‘ವಿಲಾಯತಿ’ ಎಂದು ಹೆಸರಿಟ್ಟವನು ನಾನೇ. ವಾರದೊಳಗೆ ಎಲ್ಲರೂ ಹಾಗೇ ಕರೆಯತೊಡಗಿದರು.

ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ನಾನೇ ಕೆಣಕುತ್ತಿದ್ದೆ.

“ಏನಲೇ ವಿಲಾಯತಿ, ನಿನ್ನ ಗಾಡಿ ಹೊಗಿ ಎಲ್ಲಿ ಹೋಗ್ತದ? ಒಳಗಿದ್ದವರು ಸಾಯೂದಿಲ್ಲೇನು?”

“ಹೊಗಿ ಇಲ್ರಿ. ಕರೆಂಟಿನ ಮ್ಯಾಲ ಓಡತೈತಿ.”

“ಇಳಿಯೂದು ಹೆಂಗ? ಹಗ್ಗಾ ಹಿಡದೋ?”

“ಮೆಟ್ಟಲದಾವ್ರಿ. ನಾವು ಸುಮ್ಮ ನಿಂತ್ರ ಮೆಟ್ಟಲಾನ ಇಳೀತಾವ. ತುದೀಗೆ ಬಂದ ಕೂಡ್ಲೆ ಚಪ್ಪಟಿ ಆಗಿ ನೆಲದಾಗ ಹೋಗಿ ಬಿಡತಾವ.”

ನಗುವಿನಲ್ಲಿ ಒಬ್ಬನಿಗೆ ನೆತ್ತಿಗೇರಿತು. ಗೌಂಡಿ ಬೇಸರಪಡಲಿಲ್ಲ. ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಬರೆದ. ನಿಲ್ದಾಣದ ಹತ್ತಿರ ಹಳಿಯನ್ನು ತುಸು ಏರಿಸಿರುತ್ತಾರೆ, ಬರುವ ಗಾಡಿ ಏರು ಹತ್ತುತ್ತ ತಾನಾಗಿ ನಿಧಾನವಾಗುತ್ತದೆ, ಹೊರಡುವಾಗ ಇಳಿಜಾರಿನಲ್ಲಿ ತಾನಾಗಿ ವೇಗ ಹಿಡಿಯುತ್ತದೆ ಎಂದ. ಗೋಡೆಗೆಲ್ಲ ಮಿರಿಮಿರಿ ಮಿಂಚುವ ಪಿಂಗಾಣಿ ಬಿಲ್ಲೆ ಹಚ್ಚಿರುತ್ತಾರೆ, ಒಂದೊಂದು ನಿಲ್ದಾಣಕ್ಕೆ ಒಂದೊಂದು ಬಣ್ಣ, ಒಂದೊಂದು ಚಿತ್ತಾರ ಎಂದ.

“ನನಗ ಓದಾಕ ಬರತಿದ್ದಿಲ್ರಿ. ನಮ್ಮ ಸೀರಿ ಅಂಚಿನ ದಡಿ ನೋಡಿದಂಗ ಬಿಲ್ಲಿ ನೋಡಿ ಇಳೀತಿದ್ದೆ. ಒಮ್ಮೆನೂ ತಪ್ಪಲಿಲ್ಲ.”

“ಸುಳ್ಳಿಗೂ ದಡಿ ಹಚ್ಚಿ ನೇಯ್ತಾನ ನೋಡ್ರಿ,” ಅಂದೆ. ಎಲ್ಲರೂ ನಕ್ಕರು. ನಾನು ಚಪ್ಪಲಿಯಿಂದ ಆ ಚಿತ್ರವನ್ನು ಒರೆಸಿದೆ.

ಬಾವಿ ಎರೆಮಣ್ಣಿನ ಹೊಲದ ಅಂಚಿನಲ್ಲಿ, ಹಳ್ಳದ ಮಗ್ಗುಲಿಗೆ ಇತ್ತು. ಎರಡಾಳು ಆಳ ಇಳಿದ ಮೇಲೆ ಕರಿ ಮಣ್ಣು ಮುಗಿದು ಹಳದಿ ಜೌಗು ಮಣ್ಣು ಬಂತು. ಗೌಂಡಿ ಅದನ್ನು ಹಿಡಿಯಲ್ಲಿ ಹಿಸುಕಿ ನೋಡಿ ಮೇಲೆ ಬಂದ.

“ಮುಕಾದಮರ, ಈ ಮಣ್ಣು ನಿಲ್ಲೂದಿಲ್ರಿ. ಜಾಲಿ ಕಟಗೀದು ಒಂದು ಬಳಿ ಮಾಡಿಸಿ ಇಡೂಣು. ಅದರ ಮ್ಯಾಲ ಕಲ್ಲು ಕಟಗೋಂತ ಹೋಗೂಣು. ನಾವು ಬುಡಕ ಕೆದರಿದಂಗ ಗೋಡಿ ತನ್ನ ಭಾರಕ್ಕ ತಾನ ಇಳೀತೈತಿ. ಒಳಗಿನ ಮನಷಾಗ ಏನೂ ಆಗೂದಿಲ್ಲ.”

“ಇದೂ ಲಂಡನ್ ವಿದ್ಯೆ ಏನ್ಲೇ?”

“ಇದು ಹೊಳಿದಂಡಿ ಮಂದಿ ವಿದ್ಯಾರಿ. ಲಂಡನ್ನಿನವರು ಇದನ್ನ ಅಡ್ಡ ಮಲಗಿಸ್ಯಾರ, ಅಷ್ಟ. ಅಲ್ಲೂ ಇಂಥಾದ್ದ ಮಣ್ಣು. ಒಂದು ದೊಡ್ಡ ಕಬ್ಬಿಣದ ಕೊಳವಿ ಒಳಗ ನಿಂತು ತೋಡತಿದ್ವಿ. ಒಂದು ಮೊಳ ತೋಡಿದ ಕೂಡ್ಲೆ ಕೊಳವಿ ಮುಂದ ನೂಕೂದು, ಹಿಂದ ಕಬ್ಬಿಣದ ಬಳಿ ಕೂಡಸೂದು. ಬಳಿ ತುಂಡ ತುಂಡ ಇರತೈತಿ. ಕಡೀಕ ನೆತ್ತಿ ಮ್ಯಾಲ ಒಂದು ಸಣ್ಣ ತುಂಡು ಜಡದ್ರ ಮುಗೀತು, ಮ್ಯಾಲ ಊರಿಗೆ ಊರ ಕೂತ್ರೂ ಅಳಗಾಡೂದಿಲ್ಲ. ಬರಿಮಣ್ಣಿನ ಬುಡಕ ಯಾರನ್ನೂ ನಿಲ್ಲಸತಿದ್ದಿಲ್ರಿ.”

ಅವನು ಹೇಳಿದ್ದು ನನಗೆ ಅರ್ಥವಾಗಿತ್ತು. ಇದನ್ನು ಬರೆದಿಡಬೇಕು. ಅರ್ಥವಾಗದೆ ಬೇಡವೆಂದದ್ದಲ್ಲ. ಹತ್ತು ಆಳುಗಳ ಎದುರು ಅವನ ಮಾತಿಗೆ ಹೂಂ ಅಂದರೆ ನಾಳೆಯಿಂದ ಮುಕಾದಮ ಯಾರು?

“ನಮ್ಮ ಬಾದಾಮ್ಯಾಗ ಗುಡ್ಡಾ ಕಡದು ಕಂಬದ ಮಂಟಪ ಮಾಡ್ಯಾರ,” ಅಂದೆ. “ಒಂದು ಬಳಿ ಹಾಕಿಲ್ಲ. ಇವತ್ತಿಗೂ ನಿಂತಾವ.”

ಇದು ಬಾದಾಮಿಯವರು ಮಾತ್ರ ಮಾಡಬಹುದಾದ ತಪ್ಪು. ನಾವು ಆಡಿ ಬೆಳೆದದ್ದು ಕೆಂಪು ಬಂಡೆಯ ಅಡಿಯಲ್ಲಿ. ನೆಲವೆಂದರೆ ಕಡಿದರೆ ನಿಲ್ಲುವಂಥದ್ದು ಎಂಬುದು ನಮ್ಮ ಮೈಯಲ್ಲೇ ಕೂತಿರುತ್ತದೆ.

“ಅದು ಕಲ್ಲು ರೀ,” ಅಂದ ಗೌಂಡಿ. “ಕಲ್ಲಿನಾಗ ಬ್ಯಾಡಾದ್ದು ತಗದ್ರ ಕಂಬ ಉಳೀತಾವ. ಮಣ್ಣಿನಾಗ ಕಂಬಾನ ನಾವ ಸಂಗಾಟ ಒಯ್ಯಬೇಕು.”

ಆಳುಗಳು ಈ ಸಲ ನಗಲಿಲ್ಲ. ಇಬ್ಬರು ತಲೆಯಾಡಿಸಿದರು. ಅದನ್ನು ನಾನು ನೋಡಿದೆ.

“ಹೆದರಿಕಿ ಆದ್ರ ಮನೀಗೆ ಹೋಗು. ಹೆಂಡತಿ ಮಗ್ಗದ ಮುಂದ ಕೂತು ನೂಲು ಸುತ್ತು. ಇಲ್ಲಾಂದ್ರ ಇಳಿ. ಬ್ಯಾರೆ ಯಾರೂ ಬ್ಯಾಡ, ನೀನ ಇಳಿ.”

ಅವನು ನನ್ನ ಮುಖ ನೋಡಿದ. ರುಮಾಲು ಬಿಗಿದು ಇಳಿದ. ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಹಳ್ಳದ ಕಡೆಯ ಗೋಡೆ ಸದ್ದಿಲ್ಲದೆ ಜಾರಿತು. ಅವನು ಎದೆಮಟ್ಟ ಹೂತುಹೋದ. ಮಣ್ಣು ತೆಗೆದವರು ಆಳುಗಳು. ನಾನು ದಂಡೆಯ ಮೇಲೆ ನಿಂತಿದ್ದೆ. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಒಯ್ದರು.

ಮರುದಿನ ಪಂಚನಾಮೆ ಆಗಬೇಕಿತ್ತು. ಊರಿನ ಹಿರಿಯರಲ್ಲಿ ಬರೆಯಬಲ್ಲವರಿರಲಿಲ್ಲ. ನಾನೇ ಬರೆದೆ. ನನ್ನ ಅಕ್ಷರ ಚೆನ್ನಾಗಿದ್ದವು. ‘ಸದರಿ ಗೌಂಡಿಯು ತಾನು ಲಂಡನ್ ಪಟ್ಟಣದಲ್ಲಿ ಸುರಂಗ ತೋಡಿದ್ದೇನೆಂದು ಸುಳ್ಳು ಹೇಳುತ್ತ, ಮುಕಾದಮರು ಬೇಡವೆಂದರೂ ಕೇಳದೆ, ತನ್ನ ಹಟದಿಂದ ಇಳಿದನು.’ ಆಳುಗಳಿಗೆ ನಾಳೆಯ ಕೆಲಸ ನನ್ನ ಕೈಯಲ್ಲಿತ್ತು. ಅವರು ಹೆಬ್ಬೆಟ್ಟು ಒತ್ತಿದರು. ಕಾಗದವನ್ನು ದವಾಖಾನೆಗೆ ಒಯ್ದೆ.

“ಏನ್ ಬರದೀರಿ ಮುಕಾದಮರ?” ಕಣ್ಣು ತೆರೆಯದೆ ಕೇಳಿದ.

“ಆದದ್ದು ಬರದೀನಿ.”

ಅವನು ಕೈ ನೀಡಿದ. ಮಸಿ ಹಚ್ಚಿ ಅವನ ಹೆಬ್ಬೆರಳನ್ನು ನಾನೇ ಹಿಡಿದು ಒತ್ತಿಸಿದೆ. ಪರದೇಶದಲ್ಲಿ ಬಿಲ್ಲೆಯ ಬಣ್ಣ ನೋಡಿ ತನ್ನ ಜಾಗ ತಪ್ಪದೆ ಇಳಿಯುತ್ತಿದ್ದವನು ನನ್ನ ಕಾಗದದಲ್ಲಿ ದಾರಿ ತಪ್ಪಿದ.

ಆ ಕಾಗದವನ್ನು ಚಾವಡಿಯಲ್ಲಿ ಓದಿದರು, ಸುದ್ದಿ ಇಳಕಲ್ ಮುಟ್ಟಿತು. ಗುತ್ತಿಗೆದಾರರು ಅವನ ಕಡೆ ತಿರುಗಿ ನೋಡಲಿಲ್ಲ. ಕೂತಲ್ಲೇ ಕಲ್ಲು ಒಡೆಯುವ ಕೆಲಸವನ್ನೂ ಅವನಿಗೆ ಯಾರೂ ಕೊಡಲಿಲ್ಲ. ಹಟಮಾರಿ, ಸುಳ್ಳ ಎಂದರು. ಬಾವಿಯನ್ನು ಬೇರೆ ಗೌಂಡಿಗಳು ಜಾಲಿಯ ಬಳೆ ಇಳಿಸಿ ಕಟ್ಟಿದರು. ಹಾಗೆ ಮಾಡಿರೆಂದು ಹೇಳಿದವನು ನಾನು, ಅದು ನನ್ನದೇ ಬುದ್ಧಿ ಎಂಬಂತೆ.

ಒಂದು ವರ್ಷ ಕಳೆದಿರಬೇಕು. ಕೆಲಸದ ಮೇಲೆ ಇಳಕಲ್ಲಿಗೆ ಹೋದಾಗ ಅವನ ಮನೆ ಕೇಳಿಕೊಂಡು ಹೋದೆ. ಕ್ಷಮೆ ಕೇಳಲು ಹೋದೆನೆಂದು ಈಗ ಹೇಳಿದರೆ ಅದೂ ಸುಳ್ಳಾದೀತು. ಅವನೇನು ಮಾತಾಡುತ್ತಿದ್ದಾನೆಂದು ತಿಳಿಯಲು ಹೋದೆ. ಹೆಂಡತಿ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಅವನು ಗೋಡೆಗೊರಗಿ ನೂಲು ಸುತ್ತುತ್ತಿದ್ದ. ನಾನು ಅಂದು ಆಡಿದ ಮಾತು ನೆನಪಾಯಿತು.

“ಮತ್ತ ಹೆಬ್ಬಟ್ಟ ಒತ್ತಿಸಾಕ ಬಂದಾರೇನು ಕೇಳು,” ಅಂದಳು ಅವಳು, ನನ್ನತ್ತ ತಿರುಗದೆ.

ಅವನು ಅವಳಿಗೆ ಸುಮ್ಮನಿರು ಎಂದು ಕೈ ಮಾಡಿದ. “ಕಾಗದ ಓದಿಸಿ ಕೇಳಿನ್ರಿ,” ಅಂದ. “ನಾ ಹಟಾ ಮಾಡಿ ಇಳದೆ ಅಂತ ಬರದೀರಿ. ಅದು ಹೋಗ್ಲಿ. ನಿಮಗೂ ಹೊಟ್ಟಿ ಐತಿ. ಆದ್ರ ಸುರಂಗ ಖರೆ ಐತ್ರಿ. ನಾ ಅದರಾಗ ದುಡದೀನಿ. ಓಣ್ಯಾಗಿನ ಹುಡುಗೂರು ಸುದ್ದಾ ‘ನಡಿಯೋ ಮೆಟ್ಟಲಾ’ ಅಂತ ನಗತಾವ. ಅದೊಂದು ಖರೆ ಅಂತ ಹೇಳಿ ಹೋಗ್ರಿ. ನೀವು ಕಲತವರು. ನಿಮ್ಮ ಮಾತು ನಂಬತಾರ.”

ಅವನು ಕೇಳಿದ್ದು ಅಷ್ಟೇ. ಕಾಲು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಹೊಸ್ತಿಲು ದಾಟಿ ಒಂದು ಮಾತು ಆಡಿದ್ದರೆ ಸಾಕಿತ್ತು.

“ನಾ ಕಣ್ಣಿಲೆ ನೋಡಿಲ್ಲಲ್ಲೋ,” ಅಂದೆ. “ನೋಡದ್ದನ್ನ ಖರೆ ಅಂತ ಹೆಂಗ ಹೇಳ್ಲಿ?”

ಅವನು ಮತ್ತೆ ನೂಲು ಸುತ್ತತೊಡಗಿದ. ನಾನು ಕಟ್ಟೆಯವರ ಮುಂದೆ ಹಾದು ಬಸ್ಸಿಗೆ ಹೋದೆ. ಮುಂದೆ ಹಲವು ವರ್ಷಗಳಾದ ಮೇಲೆ, ಅವನು ತೀರಿಕೊಂಡನೆಂದು ಯಾರೋ ಹೇಳಿದರು.

ಈಗ ನೋಡಿದ್ದೇನೆ. ಮೆಟ್ಟಿಲು ನಡೆಯುತ್ತವೆ, ತುದಿಯಲ್ಲಿ ಚಪ್ಪಟೆಯಾಗಿ ನೆಲದೊಳಗೆ ಹೋಗುತ್ತವೆ. ಗಾಡಿಗೆ ಹೊಗೆಯಿಲ್ಲ. ಗಾಳಿ ಮೊದಲು ಬರುತ್ತದೆ. ಸುರಂಗವನ್ನು ಬಳೆಗಳು ಹೊತ್ತಿವೆ, ಆ ಸಣ್ಣ ತುಂಡೂ ಅವನು ಹೇಳಿದಂತೆಯೇ ಇದೆ. ಬೆಂಗಳೂರಿನಲ್ಲಿ ಕಬ್ಬಿಣವಲ್ಲ, ಸಿಮೆಂಟಿನದು, ಅಷ್ಟೇ ವ್ಯತ್ಯಾಸ.

ಆದ್ದರಿಂದ ಆ ಪಂಚನಾಮೆಯನ್ನು ಇಲ್ಲಿ ತಿದ್ದಿ ಬರೆಯುತ್ತಿದ್ದೇನೆ. ಸದರಿ ಗೌಂಡಿಯು ಲಂಡನ್ ಪಟ್ಟಣದಲ್ಲಿ ಸುರಂಗ ತೋಡಿದ್ದು ನಿಜ. ಈ ಮಣ್ಣು ನಿಲ್ಲುವುದಿಲ್ಲವೆಂದು ಅವನು ಮೊದಲೇ ಹೇಳಿದ್ದನು. ಬಳೆ ಬೇಡವೆಂದವನು ನಾನು. ಇಳಿ ಎಂದವನು ನಾನು. ಬರೆದವನೂ ನಾನೇ. ಇದರ ಕೆಳಗೆ ಸಹಿ ಮಾಡುವುದಿಲ್ಲ, ನನ್ನ ಹೆಬ್ಬೆಟ್ಟು ಒತ್ತುತ್ತೇನೆ.